ತುಕ್ಕಿನ ಬಾಲಾಲಯ

ಪ್ರತಿಮೆ ಎಂಬ ಪದದೊಳಗೆ ಅಳತೆಯ ಅರ್ಥ ಅಡಗಿದೆ. ‘ಮಾ’ ಎಂಬ ಧಾತುವಿಗೆ ಅಳೆಯುವುದು ಎಂದು ಅರ್ಥವಿರುವುದರಿಂದ, ಒಂದು ವಸ್ತುವಿಗೆ ಎದುರಾಗಿ, ಅದರದೇ ಪ್ರಮಾಣವನ್ನು ಹಿಡಿದು ಅಳೆದು ಮಾಡಿದ್ದೇ ಪ್ರತಿಮೆ ಎನಿಸಿಕೊಳ್ಳುತ್ತದೆ. ದೇವರಿಗೆ ಪ್ರತಿಮೆ ಸಲ್ಲುತ್ತದೆಯೇ ಎಂಬ ವಾದ ಈ ನಾಡಿನಲ್ಲಿ ಬಹಳ ಹಳೆಯದು, ಅದರ ಪರ ವಿರೋಧಗಳೆರಡೂ ಮಲಪ್ರಭೆಯ ಒಂದೇ ಕಣಿವೆಯಲ್ಲಿ ಬೆಳೆದು ನಿಂತಿವೆ. ಆದರೆ ಅದರ ಪಕ್ಕದಲ್ಲೇ ಇರುವ ಇನ್ನೊಂದು ಪ್ರಶ್ನೆ ಅಷ್ಟಾಗಿ ಯಾರ ಗಮನವನ್ನೂ ಸೆಳೆದಂತಿಲ್ಲ: ಅಳಿವಿಗೆ ಪ್ರತಿಮೆ ಉಂಟೇ? ಮುರಿದು ಬಿದ್ದದ್ದನ್ನು ಮುರಿದಂತೆಯೇ, ತುಕ್ಕು ಹಿಡಿದದ್ದನ್ನು ತುಕ್ಕು ಹಿಡಿದಂತೆಯೇ ಶ್ರದ್ಧೆಯಿಂದ ಅಳೆದು ಮಾಡುವ ಕೆಲಸವನ್ನು ಧರ್ಮ ಯಾವ ಹೆಸರಿನಿಂದ ಕರೆಯಬೇಕು? ಈ ಪ್ರಶ್ನೆಯನ್ನು ಗುಡಿಯ ಅಂಗಳದಲ್ಲಿ ನಿಂತು ಕೇಳುವುದಕ್ಕಿಂತ ಒಂದು ಹವ್ಯಾಸದ ಮೇಜಿನ ಮುಂದೆ ಕುಳಿತು ಕೇಳುವುದು ಸುಲಭ. ಆ ಹವ್ಯಾಸವೆಂದರೆ ಗುಜರಿಗೆ ಬಿದ್ದ ಉಗಿ ಇಂಜಿನುಗಳ ಅಂಗಳವನ್ನು ಅಂಗೈಯಗಲದ ಜಾಗದಲ್ಲಿ ನೈಜವಾಗಿ ಕಟ್ಟುವುದು.

ಇಂಥ ರಚನೆಗೆ ಡಯೋರಾಮಾ ಎಂದು ಹೆಸರು. ಗ್ರೀಕ್ ಮೂಲದ ಈ ಪದಕ್ಕೆ ‘ಹಾಯ್ದು ನೋಡುವುದು’ ಎಂಬ ಅರ್ಥವಿದ್ದು, 1822ರಲ್ಲಿ ಪ್ಯಾರಿಸ್ ನಗರದಲ್ಲಿ ಲೂಯಿ ಡಾಗೇರ್ ದೊಡ್ಡ ಬಟ್ಟೆಯ ಮೇಲಿನ ಚಿತ್ರಗಳಿಗೆ ಹಿಂದಿನಿಂದಲೂ ಮುಂದಿನಿಂದಲೂ ಬೆಳಕು ಬದಲಿಸುತ್ತ ಹಗಲು ಇಳಿದು ರಾತ್ರಿಯಾಗುವುದನ್ನು ತೋರಿಸಿದ ಪ್ರದರ್ಶನಕ್ಕೆ ಮೊದಲು ಈ ಹೆಸರು ಬಂದಿತು. ಈಗ ಅದರ ಅರ್ಥ ಬದಲಾಗಿ, ಚಲನೆಯಿಲ್ಲದ, ಮೂರು ಆಯಾಮದ, ಒಂದು ಕ್ಷಣವನ್ನು ಹಿಡಿದು ನಿಲ್ಲಿಸಿದ ಪುಟ್ಟ ದೃಶ್ಯಕ್ಕೆ ಡಯೋರಾಮಾ ಎನ್ನುತ್ತಾರೆ. ರೈಲು ಮಾದರಿ ಕಟ್ಟುವವರಲ್ಲಿ ಹೆಚ್ಚು ಬಳಕೆಯಲ್ಲಿರುವ ಅಳತೆ ಎಚ್‌ಓ ಎಂಬುದು, ಅಂದರೆ ಮೂಲದ 87ನೆಯ ಒಂದು ಭಾಗ. ಐದೂವರೆ ಅಡಿಯ ಮನುಷ್ಯ ಈ ಅಳತೆಯಲ್ಲಿ 19 ಮಿಲಿಮೀಟರ್‌ಗೆ ಇಳಿಯುತ್ತಾನೆ, ಎಂದರೆ ಹೆಬ್ಬೆರಳಿನ ಉಗುರಿಗಿಂತ ತುಸು ಎತ್ತರ.

ಬಾಗಲಕೋಟೆ ಸೀಮೆಯವನೊಬ್ಬ ಇಂಥ ಮಾದರಿಗೆ ಕೈಹಾಕಿದರೆ ಅವನಿಗೆ ವಿಷಯ ಹುಡುಕಲು ದೂರ ಹೋಗಬೇಕಾಗಿಲ್ಲ. 1876ರಿಂದ 1878ರವರೆಗಿನ ಬರದಲ್ಲಿ ಆಗಿನ ಕಲಾದಗಿ ಜಿಲ್ಲೆ ನಲುಗಿಹೋದ ಮೇಲೆ, ಕಾಳು ಇದ್ದಲ್ಲಿಂದ ಇಲ್ಲದಲ್ಲಿಗೆ ಬೇಗ ಸಾಗಲಿ ಎಂಬ ಉದ್ದೇಶದಿಂದ ಹಾಕಿದ ಬರರಕ್ಷಕ ಹಳಿಗಳಲ್ಲಿ ಗದಗ–ಹೊಟಗಿ ಮಾರ್ಗವೂ ಒಂದು. ಸದರ್ನ್ ಮರಾಠಾ ರೈಲ್ವೆ ಕಂಪನಿ 1880ರ ದಶಕದಲ್ಲಿ ಹಾಸಿದ ಈ ಹಾದಿ ಹೊಳೆಆಲೂರು, ಬಾದಾಮಿ, ಗುಳೇದಗುಡ್ಡ ರೋಡ್, ಬಾಗಲಕೋಟೆ, ಆಲಮಟ್ಟಿಗಳನ್ನು ದಾಟಿ ವಿಜಯಪುರದ ಕಡೆಗೆ ಸಾಗುತ್ತದೆ. ಎರಡು ಹಳಿಗಳ ನಡುವೆ ಸಾವಿರ ಮಿಲಿಮೀಟರ್ ಅಂತರವಿದ್ದ ಮೀಟರ್ ಗೇಜ್ ಅದು. ಸ್ವಾತಂತ್ರ್ಯಾನಂತರ ದೇಶದ ಮೀಟರ್ ಗೇಜ್ ಜಾಲದಲ್ಲೆಲ್ಲ ಓಡಿದ ಇಂಜಿನುಗಳು ವೈಪಿ ಮತ್ತು ವೈಜಿ ವರ್ಗದವು. ಇಲ್ಲಿ ‘ವೈ’ ಎಂಬುದು ಗೇಜಿನ ಗುರುತು, ‘ಪಿ’ ಪ್ರಯಾಣಿಕರ ಗಾಡಿಯದು, ‘ಜಿ’ ಸರಕಿನ ಗಾಡಿಯದು. ಬ್ರಾಡ್ ಗೇಜ್ ಹಳಿಗಳ ಮೇಲೆ ಉಗಿಯ ನಿಯಮಿತ ಸಂಚಾರ 1995ರಲ್ಲಿ ನಿಂತಿತು. ಮೀಟರ್ ಗೇಜಿನಲ್ಲಿ ಅದು ಆ ದಶಕದ ಕೊನೆಯವರೆಗೆ ಅಲ್ಲಲ್ಲಿ ಉಸಿರು ಹಿಡಿದಿತ್ತು. ಈ ಶತಮಾನದ ಮೊದಲ ದಶಕದಲ್ಲಿ ಗದಗ–ಹೊಟಗಿ ಹಾದಿಯ ಹಳಿಗಳೇ 1,676 ಮಿಲಿಮೀಟರಿನ ಬ್ರಾಡ್ ಗೇಜಿಗೆ ಬದಲಾದವು. ಹಾಗಾಗಿ ಉಳಿದಿರುವ ಒಂದು ವೈಪಿ ಇಂಜಿನ್ನಿಗೆ ಮತ್ತೆ ಜೀವ ಬಂದರೂ ಬಾದಾಮಿಯ ನಿಲ್ದಾಣಕ್ಕೆ ಅದು ತನ್ನ ಗಾಲಿಗಳ ಮೇಲೆ ಬರಲಾರದು. ಮಾದರಿಕಾರರು ಮೀಟರ್ ಗೇಜಿಗಾಗಿ ಬಳಸುವ 12 ಮಿಲಿಮೀಟರಿನ ಪುಟ್ಟ ಹಳಿಯ ಮೇಲೆ ಮಾತ್ರ ಅದಕ್ಕೆ ಈಗ ಈ ಸೀಮೆಯಲ್ಲಿ ನಿಲ್ಲಲು ಜಾಗ.

ಮಾದರಿಯ ಕೆಲಸ ಮೊದಲ ದಿನವೇ ಒಂದು ತಾತ್ವಿಕ ತೊಡಕನ್ನು ಮುಂದಿಡುತ್ತದೆ. ಉದ್ದವನ್ನು 87 ಪಾಲು ಕಿರಿದುಗೊಳಿಸಿದರೆ ಮೇಲ್ಮೈ 7,569 ಪಾಲು ಕಿರಿದಾಗುತ್ತದೆ, ಗಾತ್ರವಂತೂ 6,58,503 ಪಾಲು. ಆದರೆ ತುಕ್ಕು ಈ ಲೆಕ್ಕಕ್ಕೆ ಒಗ್ಗುವುದಿಲ್ಲ. ನಿಜವಾದ ಕಬ್ಬಿಣದ ತುಂಡನ್ನು ಮಳೆಗೆ ಇಟ್ಟು ತುಕ್ಕು ಹಿಡಿಸಿದರೆ ಅದರ ಹಕ್ಕಳೆಗಳು ಮಾದರಿಯ ಮೇಲೆ ಹಾಸುಬಂಡೆಗಳಂತೆ ಕಾಣುತ್ತವೆ. ಅರ್ಧ ಅಂಗುಲ ದಪ್ಪದ ಬಾಯ್ಲರ್ ಫಲಕ ಈ ಅಳತೆಯಲ್ಲಿ 0.15 ಮಿಲಿಮೀಟರ್‌ಗೆ, ಅಂದರೆ ಲಗ್ನಪತ್ರಿಕೆಯ ಕಾಗದಕ್ಕಿಂತ ತೆಳುವಿಗೆ ಇಳಿಯುವಾಗ, ಅದರ ಮೇಲಿನ ನಿಜ ತುಕ್ಕು ಫಲಕವನ್ನೇ ನುಂಗಿಬಿಡುತ್ತದೆ. ಆದ್ದರಿಂದ ಸತ್ಯವಾಗಿ ಕಾಣಬೇಕಾದ ತುಕ್ಕು ಸುಳ್ಳು ತುಕ್ಕೇ ಆಗಿರಬೇಕು. ಅದ್ವೈತಿಗಳು ಹಗ್ಗದಲ್ಲಿ ಹಾವನ್ನು ಕಾಣುವ ಭ್ರಮೆಗೆ ಅಧ್ಯಾಸ ಎನ್ನುತ್ತಾರೆ, ಒಂದರ ಮೇಲೆ ಇನ್ನೊಂದರ ಗುಣವನ್ನು ಹೇರುವುದು ಎಂದು ಅದರ ಅರ್ಥ. ಮಾದರಿಕಾರನು ಅಧ್ಯಾಸವನ್ನು ತಿಳಿದೂ ತಿಳಿದೂ ಮಾಡುವವನು, ಅದೂ ಭ್ರಮೆಗೆ ಒಳಗಾಗದೆ.

ಅವನ ಕೈಗಳನ್ನು ಸ್ವಲ್ಪ ಹತ್ತಿರದಿಂದ ನೋಡುವುದು ಒಳ್ಳೆಯದು. ಪ್ಲಾಸ್ಟಿಕ್ಕಿನದೋ ಹಿತ್ತಾಳೆ ತಗಡಿನದೋ ಆದ ಟೆಂಡರ್, ಅಂದರೆ ಇಂಜಿನ್ನಿನ ಬೆನ್ನಿಗಿರುವ ಕಲ್ಲಿದ್ದಲು ಮತ್ತು ನೀರಿನ ಬಂಡಿ, ಮೊದಲು ಇಡಿಯಾಗಿ ತುಕ್ಕಿನ ಬಣ್ಣವನ್ನೇ ಬಳಿಸಿಕೊಳ್ಳುತ್ತದೆ: ಕೆಳಗೆ ಕಡುಕಂದು, ಅದರ ಮೇಲೆ ಅಲ್ಲಲ್ಲಿ ಇಟ್ಟಿಗೆಗೆಂಪು, ತೀರ ಹೊಸ ತುಕ್ಕಿರಬೇಕಾದಲ್ಲಿ ಕಿತ್ತಳೆ. ಅದು ಒಣಗಿದ ಬಳಿಕ ಮೇಲ್ಮೈಯನ್ನು ನೀರಿನಿಂದ ತೇವ ಮಾಡಿ, ಎಲ್ಲೆಲ್ಲಿ ಬಣ್ಣ ಉದುರಿದಂತೆ ಕಾಣಬೇಕೋ ಅಲ್ಲಲ್ಲಿ ಅಡಿಗೆಯ ಹರಳುಪ್ಪನ್ನು ಚಿಟಿಕೆ ಚಿಟಿಕೆಯಾಗಿ ಉದುರಿಸುತ್ತಾನೆ. ಉಪ್ಪು ಅಂಟಿಕೊಂಡು ಗಟ್ಟಿಯಾದ ಮೇಲೆ ಇಂಜಿನ್ನಿಗೆ ಸಲ್ಲುವ ಕಪ್ಪು ಬಣ್ಣವನ್ನು ಅದರ ಮೇಲೆಯೇ ತೆಳುವಾಗಿ ಊದಿ, ಒಂದು ರಾತ್ರಿ ಬಿಟ್ಟು, ಗಡಸು ಕುಂಚದಿಂದ ಉಪ್ಪನ್ನು ಉಜ್ಜಿ ತೆಗೆದರೆ, ಹರಳು ಕೂತಿದ್ದ ಜಾಗಗಳಲ್ಲಿ ಕಪ್ಪು ಎದ್ದುಬಂದು ಅಡಿಯ ಕೆಂಪು ಮೊಗದೋರುತ್ತದೆ. ನಿಜವಾದ ಇಂಜಿನ್ನಿನಲ್ಲಿ ಮೊದಲು ಬಣ್ಣ, ಆಮೇಲೆ ತುಕ್ಕು. ಮಾದರಿಯಲ್ಲಿ ಮೊದಲು ತುಕ್ಕು, ಆಮೇಲೆ ಬಣ್ಣ. ಅಳಿವು ಒಳಗೆ ಮೊದಲೇ ಇತ್ತು, ಮೇಲಿನ ಹೊಳಪು ಅದನ್ನು ಕೆಲಕಾಲ ಮುಚ್ಚಿತ್ತು ಎಂದು ವೈರಾಗ್ಯದ ಉಪದೇಶಗಳು ಹೇಳುವ ಮಾತು ಇಲ್ಲಿ ಕೇವಲ ಕೆಲಸದ ಕ್ರಮ.

ತುಕ್ಕು ಎಲ್ಲಿ ಕೂರಬೇಕೆಂಬುದಕ್ಕೂ ನಿಯಮವುಂಟು. ಬಾಯ್ಲರಿನ ಮುಂದಿರುವ ಹೊಗೆಪೆಟ್ಟಿಗೆಯ ಬಣ್ಣ ಓಡಾಟದ ದಿನಗಳಲ್ಲೇ ಕಾವಿಗೆ ಸುಟ್ಟಿರುವುದರಿಂದ ಅದು ಎಲ್ಲಕ್ಕಿಂತ ಮೊದಲು ಕೆಂಪೇರುತ್ತದೆ. ನೀರು ನಿಲ್ಲುವ ಪಟ್ಟಿಗಳ ಕೆಳಗೆ, ರಿವೆಟ್ಟುಗಳ ತಲೆಯಡಿ, ಅದು ಉದ್ದನೆಯ ಕಣ್ಣೀರಿನ ಗೆರೆಯಾಗಿ ಇಳಿಯುತ್ತದೆ. ಬೇರೆ ಇಂಜಿನ್ ಎಳೆದು ತಂದ ತಣ್ಣನೆಯ ಇಂಜಿನ್ನಿನ ಗಾಲಿಗಳನ್ನು ತಿರುಗಿಸುವ ಉಕ್ಕಿನ ಸರಳುಗಳನ್ನು ಬಿಚ್ಚಿ ಟೆಂಡರಿನಲ್ಲೇ ಹಾಕಿ ಕಳಿಸುವ ರೂಢಿಯಿತ್ತಾದ್ದರಿಂದ, ಮಾದರಿಯಲ್ಲೂ ಆ ಸರಳುಗಳು ಟೆಂಡರಿನ ತಳದಲ್ಲಿ ಬಿದ್ದಿರಬೇಕು. ಹಿತ್ತಾಳೆ, ತಾಮ್ರದ ಬಿಡಿಭಾಗಗಳು ಮೊದಲೇ ಮಾಯವಾಗಿರಬೇಕು, ಏಕೆಂದರೆ ಅವುಗಳಿಗೆ ಬೆಲೆ ಹೆಚ್ಚು. ಗ್ಯಾಸ್ ಕಟ್ಟರ್ ಹಾಯ್ದ ಅಂಚು ಮೊದಲ ದಿನ ನೀಲಿ ಬೂದು, ಒಂದು ಮಳೆ ಬಿದ್ದ ಮೇಲೆ ಕಿತ್ತಳೆ. ಈ ವಿವರಗಳನ್ನು ಬಲ್ಲವನಷ್ಟೇ ಗುಜರಿ ಅಂಗಳವನ್ನು ಕಟ್ಟಬಲ್ಲ; ಅರಿಯದವನು ಕಟ್ಟಿದ್ದು ಕೆಂಪು ಬಳಿದ ಆಟಿಕೆಯಾಗಿ ಉಳಿಯುತ್ತದೆ.

ಕಿರಿದು ಮಾಡುವ ಕಲೆ ಬಾದಾಮಿಯ ನೆಲಕ್ಕೆ ಹೊಸದಲ್ಲ. ಎರಡನೆಯ ವಿಕ್ರಮಾದಿತ್ಯನ ಕಂಚಿಯ ವಿಜಯದ ನೆನಪಿಗೆ ಅವನ ರಾಣಿ ಲೋಕಮಹಾದೇವಿ ಎಂಟನೆಯ ಶತಮಾನದಲ್ಲಿ ಪಟ್ಟದಕಲ್ಲಿನಲ್ಲಿ ಕಟ್ಟಿಸಿದ, ಈಗ ವಿರೂಪಾಕ್ಷ ಎಂದು ಕರೆಯುವ ದೇವಾಲಯದ ಶಿಖರದ ಅಂತಸ್ತುಗಳನ್ನು ಗಮನಿಸಿದರೆ, ಅವು ಪುಟ್ಟ ಪುಟ್ಟ ಗುಡಿಗಳ ಸಾಲುಗಳೇ ಆಗಿರುವುದು ತಿಳಿಯುತ್ತದೆ. ಚೌಕದ ಗುಡಿಗೆ ಕೂಟ, ಉದ್ದನೆಯ ಕಮಾನು ಸೂರಿನದಕ್ಕೆ ಶಾಲಾ, ಲಾಳಾಕಾರದ ಮುಖವಿರುವುದಕ್ಕೆ ಪಂಜರ ಎಂದು ಹೆಸರು. ಕರ್ಣಾಟ ದ್ರಾವಿಡ ವಾಸ್ತುವನ್ನು ಆಳವಾಗಿ ಅಭ್ಯಸಿಸಿದ ಆಡಮ್ ಹಾರ್ಡಿ ಭಾರತೀಯ ದೇಗುಲವನ್ನು ಕಿರುಗುಡಿಗಳಿಂದಲೇ ಹೊರಹೊಮ್ಮಿ ಬೆಳೆಯುವ ರಚನೆಯೆಂದು ವಿವರಿಸುತ್ತಾರೆ. ಅಂದರೆ ಇಲ್ಲಿ ಮಾದರಿಯು ಮೂಲದ ನೆರಳಾಗಿ ಹಿಂದೆ ಉಳಿಯದೆ, ಮೂಲವನ್ನು ತಾನೇ ಕಟ್ಟಿ ನಿಲ್ಲಿಸಿದೆ. ಮೂರ್ತಿಶಿಲ್ಪದಲ್ಲೂ ಅಷ್ಟೆ, ಮುಖದ ಉದ್ದವನ್ನು ಒಂದು ತಾಳ ಎಂದು ಹಿಡಿದು ಇಡೀ ದೇಹವನ್ನು ಅದರ ಮಡಿಗಳಲ್ಲಿ ಅಳೆಯುವ ತಾಳಮಾನ ಪದ್ಧತಿಯಲ್ಲಿ ಬೆರಳುದ್ದದ ವಿಗ್ರಹಕ್ಕೂ ಆಳೆತ್ತರದ ವಿಗ್ರಹಕ್ಕೂ ಲೆಕ್ಕ ಒಂದೇ.

ಆದರೆ ತಾಳಮಾನಕ್ಕೆ ಮುರಿದ ದೇಹದ ಲೆಕ್ಕ ಗೊತ್ತಿಲ್ಲ. ಅಂಗ ಊನವಾದ ವಿಗ್ರಹವನ್ನು ಶಿಲ್ಪಶಾಸ್ತ್ರಗಳು ಹೀನಾಂಗ ಎಂದು ಕರೆದು, ಅದು ಮಾಡಿದವನಿಗೂ ಮಾಡಿಸಿದವನಿಗೂ ಕೇಡು ತರುತ್ತದೆಂದು ಎಚ್ಚರಿಸುತ್ತವೆ. ಪೂಜೆಯಲ್ಲಿದ್ದ ಮೂರ್ತಿ ಕಾಲಾಂತರದಲ್ಲಿ ಭಗ್ನವಾದರೆ ಏನು ಮಾಡಬೇಕೆಂಬುದಕ್ಕೆ ಆಗಮಗಳಲ್ಲಿಯೂ ಮಯಮತದಂತಹ ವಾಸ್ತುಗ್ರಂಥಗಳಲ್ಲಿಯೂ ಜೀರ್ಣೋದ್ಧಾರ ಎಂಬ ಪ್ರತ್ಯೇಕ ವಿಧಿಯುಂಟು. ಬೆರಳಿನ ತುದಿಯಂತಹ ಸಣ್ಣ ಊನವಾದರೆ ಸರಿಪಡಿಸಬಹುದು. ಮುಖ್ಯ ಅಂಗ ಹೋಗಿದ್ದರೆ ಮೂರ್ತಿಯನ್ನು ವಿಸರ್ಜಿಸಬೇಕು, ಕಲ್ಲಿನದನ್ನು ಆಳವಾದ ನೀರಿಗೆ, ಮರದ್ದನ್ನು ಬೆಂಕಿಗೆ, ಲೋಹದ್ದನ್ನು ಕರಗಿಸಿ ಹೊಸ ಎರಕಕ್ಕೆ. ಅದಕ್ಕೂ ಮೊದಲು ಮೂರ್ತಿಯೊಳಗಿನ ದೈವೀಶಕ್ತಿಯನ್ನು ಮಂತ್ರಪೂರ್ವಕವಾಗಿ ಕಲಶದ ನೀರಿಗೆ ಸೆಳೆದುಕೊಳ್ಳುವ ಕಲಾಕರ್ಷಣ ಎಂಬ ಕ್ರಿಯೆ ನಡೆಯಬೇಕು. ಗುಡಿಯ ಕೆಲಸ ಮುಗಿಯುವವರೆಗೆ ಆ ಶಕ್ತಿಗೆ ನೆಲೆಯಾಗಿ ಪಕ್ಕದಲ್ಲೊಂದು ಚಿಕ್ಕ ಗುಡಿಯನ್ನು ಕಟ್ಟುತ್ತಾರೆ. ಬಾಲಾಲಯ ಎಂದರೆ ಅದೇ, ಕೂಸಿನಂಥ ಆಲಯ. ಮಯಮತ ಇದನ್ನು ತರುಣಾಲಯ ಎನ್ನುತ್ತದೆ. ದೊಡ್ಡದು ಕಳಚಿ ಬಿದ್ದಿರುವಾಗ ಚಿಕ್ಕದು ಅದರ ಜೀವವನ್ನು ಕಾಯುತ್ತದೆ, ದೊಡ್ಡದು ಎದ್ದು ನಿಂತೊಡನೆ ತಾನು ಬಿಚ್ಚಿಕೊಂಡು ಹೋಗುತ್ತದೆ. ಮಾದರಿಯ ತತ್ವಶಾಸ್ತ್ರಕ್ಕೆ ಇದಕ್ಕಿಂತ ಒಪ್ಪುವ ಕಲ್ಪನೆ ಬೇರೆಲ್ಲೂ ಸಿಗಲಾರದು.

ಇಂಜಿನ್ನಿಗೆ ಈ ಸೌಲಭ್ಯ ಇರಲಿಲ್ಲ. ಪೂಜೆಯೇನೋ ಇತ್ತು. ಉತ್ತರ ಕರ್ನಾಟಕದ ಜನ ಖಂಡೇಪೂಜೆ ಎಂದು ಕರೆಯುವ ಮಹಾನವಮಿಯ ಆಯುಧಪೂಜೆಯ ದಿನ ಲೋಕೋ ಶೆಡ್ಡುಗಳಲ್ಲಿ ಇಂಜಿನ್ನನ್ನು ತೊಳೆದು, ವಿಭೂತಿ ಕುಂಕುಮ ಹಚ್ಚಿ, ಚೆಂಡುಹೂವಿನ ಮಾಲೆ ಹಾಕಿ, ಗಾಲಿಯಡಿ ಲಿಂಬೆಹಣ್ಣು ಇಟ್ಟು, ಕುಂಬಳಕಾಯಿ ಒಡೆಯುತ್ತಿದ್ದರು. ಆದರೆ ಆ ಪೂಜೆಯಲ್ಲಿ ದೇವತೆ ಆ ದಿನದ ಮಟ್ಟಿಗೆ ಬಂದು ಹೋಗುವ ಅತಿಥಿ. ಆವಾಹನೆಯುಂಟು, ವಿಸರ್ಜನೆಯುಂಟು, ಶಾಶ್ವತ ಪ್ರತಿಷ್ಠೆ ಇಲ್ಲ. ಪ್ರತಿಷ್ಠೆಯಿಲ್ಲದ್ದಕ್ಕೆ ಕಲಾಕರ್ಷಣವೂ ಇಲ್ಲ. ಹೀಗೆ ನಾಲ್ಕು ದಶಕ ಕುಂಕುಮ ಹಚ್ಚಿಸಿಕೊಂಡ ಯಂತ್ರ ಗುಜರಿಗೆ ಹೊರಡುವ ದಿನ ಅದರೆದುರು ಹೇಳುವ ಮಂತ್ರ ಯಾವ ಪದ್ಧತಿಯಲ್ಲೂ ಸಿಗುವುದಿಲ್ಲ. ವಿಧಿಯು ಬಿಟ್ಟ ಈ ತೆರಪಿನಲ್ಲಿಯೇ ಮಾದರಿಕಾರನ ಕೆಲಸ ಬಂದು ನಿಲ್ಲುತ್ತದೆ ಎಂಬುದು ಇಲ್ಲಿನ ವಾದ. ಅವನು ಕಟ್ಟುವುದು ಒಂದು ಬಾಲಾಲಯವನ್ನೇ, ಆದರೆ ದೊಡ್ಡ ಗುಡಿ ಮರಳಿ ಏಳುವುದಿಲ್ಲವೆಂದು ತಿಳಿದು ಕಟ್ಟುವ ಬಾಲಾಲಯವನ್ನು.

ಇದಕ್ಕೆ ಎದುರುವಾದ ತಕ್ಷಣವೇ ಏಳುತ್ತದೆ. ಬಾಲಾಲಯದಲ್ಲಿ ಕಾಯುವುದಕ್ಕೆ ಶಕ್ತಿಯೊಂದು ಇರಬೇಕಷ್ಟೆ. ಇಂಜಿನ್ನಿನಲ್ಲಿ ಕಾಯಲು ಏನಿತ್ತು? ಪಾಳಿ ಭಾಷೆಯ ಮಿಲಿಂದಪಞ್ಹದಲ್ಲಿ ಭಿಕ್ಷು ನಾಗಸೇನನು ಗ್ರೀಕ್ ಅರಸನೊಡನೆ ನಡೆಸಿದ ಸಂವಾದ ಈ ಪ್ರಶ್ನೆಯ ಮೂಲ ಪಾಠ. ಅಚ್ಚು ರಥವೇ, ಗಾಲಿ ರಥವೇ, ನೊಗ ರಥವೇ ಎಂದು ಒಂದೊಂದನ್ನೇ ಕೇಳುತ್ತ ಹೋಗುವ ನಾಗಸೇನ, ಕೊನೆಗೆ ರಥವೆಂಬುದು ಬಿಡಿಭಾಗಗಳ ಕೂಟಕ್ಕೆ ವ್ಯವಹಾರಕ್ಕಾಗಿ ಇಟ್ಟ ಹೆಸರಲ್ಲದೆ ಬೇರೇನೂ ಅಲ್ಲವೆಂದು ಅರಸನನ್ನು ಒಪ್ಪಿಸುತ್ತಾನೆ. ಹೀಗೆ ಇಟ್ಟ ಹೆಸರಿಗೆ ಬೌದ್ಧರ ಪರಿಭಾಷೆಯಲ್ಲಿ ಪ್ರಜ್ಞಪ್ತಿ ಎನ್ನುತ್ತಾರೆ. ಗುಜರಿ ಅಂಗಳವೆಂದರೆ ಈ ವಾದವನ್ನು ಆಕ್ಸಿಜನ್ ಸಿಲಿಂಡರ್ ಹಿಡಿದು ಆಚರಣೆಗೆ ತಂದ ಸ್ಥಳ: ಇಲ್ಲಿ ಗಾಲಿಗಳ ಸಾಲು, ಅಲ್ಲಿ ನಳಿಕೆಗಳ ಕಟ್ಟು, ಆಚೆ ಬಾಯ್ಲರ್, ಇಂಜಿನ್ ಮಾತ್ರ ಎಲ್ಲೂ ಇಲ್ಲ.

ನ್ಯಾಯ ಮತ್ತು ವೈಶೇಷಿಕ ದರ್ಶನದವರು ಇದನ್ನು ಒಪ್ಪುವುದಿಲ್ಲ. ಅವರ ಪ್ರಕಾರ ಭಾಗಗಳು ಸೇರಿದಾಗ ಭಾಗಗಳಿಗಿಂತ ಬೇರೆಯಾದ ಅವಯವಿ ಎಂಬ ಹೊಸ ದ್ರವ್ಯ ನಿಜವಾಗಿಯೇ ಹುಟ್ಟಿ, ಸಮವಾಯ ಎಂಬ ಬಿಡಿಸಲಾಗದ ಸಂಬಂಧದಿಂದ ಭಾಗಗಳಲ್ಲಿ ನೆಲೆಸುತ್ತದೆ. ಇದಕ್ಕೆ ಅವರು ಕೊಡುವ ಸಿದ್ಧ ಉದಾಹರಣೆ ನೂಲು ಮತ್ತು ಬಟ್ಟೆಯದು. ನೂಲಿನ ರಾಶಿ ಬಟ್ಟೆಯಾಗದು. ಬಟ್ಟೆ ನೂಲಿನಲ್ಲಿದ್ದೂ ನೂಲಿಗಿಂತ ಬೇರೆ. ಈ ಉದಾಹರಣೆಯನ್ನು ಇಳಕಲ್ಲಿನ ಮಗ್ಗದ ಮುಂದೆ ತಂದು ನಿಲ್ಲಿಸಿದರೆ ಅದು ಇನ್ನೂ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಇಳಕಲ್ ಸೀರೆಯಲ್ಲಿ ಮೈಯ ಹಾಸು ಬೇರೆ, ಸೆರಗಿನ ಹಾಸು ಬೇರೆ. ಹಾಸೆಂದರೆ ಮಗ್ಗದ ಮೇಲೆ ಉದ್ದಕ್ಕೆ ಎಳೆದ ನೂಲು. ಎರಡು ಹಾಸಿನ ಎಳೆಗಳನ್ನು ಒಂದೊಂದಾಗಿ ಕೊಂಡಿ ಹಾಕಿ ಬೆಸೆಯುವುದರಿಂದ, ಮೈ ಮುಗಿದು ಸೆರಗು ಮೊದಲಾಗುವ ಗೆರೆಯಲ್ಲಿ ಒಂದು ಎಳೆಯೂ ಅಖಂಡವಾಗಿ ದಾಟುವುದಿಲ್ಲ. ಆದರೂ ಉಟ್ಟವಳಿಗೆ ಅದು ಒಂದೇ ಸೀರೆ. ಒಂದುತನವು ಎಳೆಯಲ್ಲಿದೆಯೇ, ಕೊಂಡಿಯಲ್ಲಿದೆಯೇ, ಉಡುವಿಕೆಯಲ್ಲಿದೆಯೇ ಎಂದು ಕೇಳಿದರೆ ನೈಯಾಯಿಕನೂ ಕ್ಷಣಕಾಲ ತಡವರಿಸಬೇಕಾದೀತು.

ಇಂಜಿನ್ನಿನ ವಿಷಯದಲ್ಲಿ ಕಚೇರಿಯ ಕಾಗದ ನಾಗಸೇನನ ಪಕ್ಷವನ್ನೇ ಹಿಡಿಯುತ್ತದೆ. ಕಟ್ಟರಿನ ಮೊದಲ ಕಿಡಿ ಹಾರುವ ಎಷ್ಟೋ ದಿನ ಮೊದಲು, ಇಂಜಿನ್ನನ್ನು ‘ಕಂಡೆಮ್’ ಮಾಡಿದ ಆದೇಶ ಹೊರಬಿದ್ದಾಗಲೇ, ಅದು ಇಂಜಿನ್ನುಗಳ ಪಟ್ಟಿಯಿಂದ ಇಳಿದು ಇಷ್ಟು ಟನ್ ಕಬ್ಬಿಣ ಎಂಬ ಪಟ್ಟಿಗೆ ಸೇರಿರುತ್ತದೆ. ಹೆಸರಿನಿಂದ ಹುಟ್ಟಿದ್ದು ಹೆಸರು ಹೋದಾಗ ಹೋಯಿತು. ಆದರೆ ಬ್ರಿಟನ್ನಿನ ವೇಲ್ಸ್ ಪ್ರಾಂತದ ಬ್ಯಾರಿ ಎಂಬ ಊರಿನಲ್ಲಿ ನಡೆದ ಸಂಗತಿ ಈ ತೀರ್ಮಾನವನ್ನು ಅಷ್ಟು ಸಲೀಸಾಗಿ ಬಿಟ್ಟುಕೊಡುವುದಿಲ್ಲ. ಅಲ್ಲಿಯ ವುಡ್‌ಹ್ಯಾಮ್ ಸಹೋದರರ ಗುಜರಿ ಅಂಗಳಕ್ಕೆ ಬಂದ 297 ಉಗಿ ಇಂಜಿನುಗಳ ಪೈಕಿ 213 ಕೊನೆಗೂ ಕಟ್ಟರಿನಿಂದ ಪಾರಾದವು. ಸರಕು ವ್ಯಾಗನ್ನುಗಳನ್ನು ಒಡೆಯುವ ಕೆಲಸ ಸುಲಭವೂ ಕೈತುಂಬವೂ ಆಗಿದ್ದರಿಂದ ಇಂಜಿನುಗಳು ವರ್ಷಗಟ್ಟಲೆ ಕಡಲಗಾಳಿಗೆ ತುಕ್ಕು ಹಿಡಿಯುತ್ತ ಸರದಿ ಕಾದವು. ಅಷ್ಟರಲ್ಲಿ ಉಗಿಯ ಅಭಿಮಾನಿಗಳು ಹಣ ಕೂಡಿಸಿ ಒಂದೊಂದನ್ನೇ ಕೊಂಡೊಯ್ದರು. ಹಲವು ಭಾಗಗಳು ಬದಲಾಗಿ, ಹಳೆಯ ಸಂಖ್ಯೆಯನ್ನೇ ಹೊತ್ತು ಅವುಗಳಲ್ಲಿ ಅನೇಕವು ಮತ್ತೆ ಓಡಿದವು. ಜಗತ್ತಿನ ಗುಜರಿ ಮಾದರಿಗಳಲ್ಲಿ ಬ್ಯಾರಿಯ ಅಂಗಳ ಪದೇ ಪದೇ ಕಾಣಿಸಿಕೊಳ್ಳುವುದಕ್ಕೆ ಕಾರಣ ಇದೇ ಇರಬೇಕು. ಅದು ಸತ್ತವರು ಎದ್ದುಬಂದ ಸ್ಮಶಾನ. ಗದಗ–ಹೊಟಗಿ ಹಾದಿಯ ಮಾದರಿಗೆ ಆ ಸಮಾಧಾನವಿಲ್ಲ, ಆದ್ದರಿಂದ ಅದು ತಾತ್ವಿಕವಾಗಿ ಹೆಚ್ಚು ಪ್ರಾಮಾಣಿಕ.

ಸ್ಮಶಾನವೆಂಬ ಮಾತು ಇಲ್ಲಿ ಅಲಂಕಾರಕ್ಕಾಗಿ ಬಂದದ್ದಲ್ಲ. ಬೌದ್ಧರ ಸತಿಪಟ್ಠಾನ ಸುತ್ತದಲ್ಲಿ ಹೆಣವು ಬಾತುಕೊಂಡ ಸ್ಥಿತಿಯಿಂದ ಎಲುಬು ಪುಡಿಯಾಗುವ ಸ್ಥಿತಿಯವರೆಗಿನ ಒಂಬತ್ತು ಹಂತಗಳನ್ನು ಕ್ರಮವಾಗಿ ಧ್ಯಾನಿಸುವ ವಿಧಾನವಿದೆ. ಜೈನರಲ್ಲಿ ಮನಸ್ಸನ್ನು ಹದಗೊಳಿಸಲು ಮತ್ತೆ ಮತ್ತೆ ಚಿಂತಿಸಬೇಕಾದ ಹನ್ನೆರಡು ಅನುಪ್ರೇಕ್ಷೆಗಳಲ್ಲಿ ಮೊದಲನೆಯದೇ ಅನಿತ್ಯದ ಚಿಂತನೆ. ಐಹೊಳೆಯ ಮೇಗುಟಿ ಗುಡ್ಡದ ಇಳಿಜಾರಿನಲ್ಲಿ ಎರಡಂತಸ್ತಿನ ಬೌದ್ಧ ಆಲಯ, ಅದರ ನೆತ್ತಿಯಲ್ಲಿ ಶಕ 556ರ, ಅಂದರೆ ಕ್ರಿ.ಶ. 634ರ ರವಿಕೀರ್ತಿಯ ಶಾಸನವುಳ್ಳ ಜಿನಾಲಯ ಇರುವುದನ್ನು ನೆನೆದರೆ, ಈ ಎರಡು ಅಭ್ಯಾಸಗಳೂ ಈ ನೆಲಕ್ಕೆ ಪರಿಚಿತವೆಂದು ಭಾವಿಸಲು ಅಡ್ಡಿಯಿಲ್ಲ. ಚೆನ್ನಾಗಿ ಯೋಜಿಸಿದ ಗುಜರಿ ಮಾದರಿಯಲ್ಲೂ ಇಂಥದೇ ಕ್ರಮವಿರುತ್ತದೆ. ಮೊದಲ ಹಳಿಯ ಮೇಲೆ ನಿನ್ನೆ ತಾನೇ ಬಂದು ನಿಂತ ಇಂಜಿನ್, ಅದರ ಚಾಲಕನ ಗೂಡಿನಲ್ಲಿ ಇನ್ನೂ ಕಲ್ಲಿದ್ದಲ ಪುಡಿ. ಎರಡನೆಯದರಲ್ಲಿ ಗೂಡು ಕಿತ್ತದ್ದು. ಮೂರನೆಯದರಲ್ಲಿ ಬಾಯ್ಲರನ್ನು ಸೀಳಿದ್ದು. ಕೊನೆಗೆ ಬರೀ ಗಾಲಿಗಳು, ಅವುಗಳ ನಡುವೆ ಎದ್ದ ಜಾಲಿಗಿಡ. ಒಂದೇ ಇಂಜಿನ್ನಿನ ನಾಲ್ಕು ಕಾಲಗಳು ನಾಲ್ಕು ಇಂಜಿನುಗಳಾಗಿ ಒಂದೇ ಕ್ಷಣದಲ್ಲಿ ಪಕ್ಕಪಕ್ಕದಲ್ಲಿ ನಿಂತಿರುತ್ತವೆ. ಡಾಗೇರನು ಬೆಳಕು ಬದಲಿಸಿ ತೋರಿಸಿದ ಕಾಲವನ್ನು ಮಾದರಿಕಾರನು ಜಾಗವನ್ನಾಗಿ ಹರಡುತ್ತಾನೆ.

ಆದರೆ ಅಳಿವನ್ನು ನೋಡಲು ಚೆಂದವಾಗಿಸುವುದರಲ್ಲಿ ಒಂದು ಅಪಾಯವಿದೆ, ಅದನ್ನು ಮರೆಮಾಚಬಾರದು. ಗುಜರಿಯಂಗಳದಲ್ಲಿ ಅಳಿಯುವುದು ಕಬ್ಬಿಣವಷ್ಟೇ ಅಲ್ಲ. ಬಾಯ್ಲರಿನ ಕಾವು ಹಿಡಿದಿಡಲು ಸುತ್ತಿದ್ದ ಕಲ್ನಾರನ್ನು ಕಿತ್ತವರು ಮೂಗಿಗೆ ಬಟ್ಟೆ ಕಟ್ಟಿಕೊಂಡೋ ಕಟ್ಟಿಕೊಳ್ಳದೆಯೋ ದುಡಿದವರು, ಆ ನಾರಿನ ಪುಡಿ ಪುಪ್ಪುಸಕ್ಕೆ ಸೇರಿದರೆ ಹೊರಬರುವಂಥದ್ದಲ್ಲ. 19 ಮಿಲಿಮೀಟರಿನ ಆ ಮನುಷ್ಯನಿಲ್ಲದೆ ತುಕ್ಕಿನ ಸೊಬಗನ್ನಷ್ಟೇ ತೋರಿಸುವ ಮಾದರಿ ಎಷ್ಟೇ ನೈಜವಾಗಿ ಕಂಡರೂ ಸುಳ್ಳು ಹೇಳುತ್ತದೆ, ಮತ್ತು ಅದು ಉಪ್ಪಿನ ಹರಳು ಹೇಳುವಂಥ ನಿರಪಾಯದ ಸುಳ್ಳಲ್ಲ.

ಕೂಡಲಸಂಗಮದ ಸೀಮೆಯಲ್ಲಿ ಈ ಚರ್ಚೆ ಸ್ಥಾವರ ಜಂಗಮಗಳೆಂಬ ಜೋಡಿಪದವನ್ನು ದಾಟಿ ಹೋಗಲಾರದು. ಸ್ಥಾವರವೆಂದರೆ ನಿಂತದ್ದು, ನೆಟ್ಟದ್ದು. ಜಂಗಮವೆಂದರೆ ಅರಿವನ್ನು ಹೊತ್ತು ಚಲಿಸುವುದು. ಅಳಿವು ಮೊದಲನೆಯದರ ಪಾಲೇ ಹೊರತು ಎರಡನೆಯದರದಲ್ಲ ಎಂಬ ನಿಲುವು ಬಸವಣ್ಣನ ವಚನದ ಮೂಲಕ ಹುನಗುಂದದ ಹೊಲಗಳಲ್ಲೂ ಮನೆಮಾತಾಗಿದೆ. ಓಡುತ್ತಿದ್ದ ಇಂಜಿನ್ನನ್ನು ಜಂಗಮವೆಂದೂ ನಿಂತ ಇಂಜಿನ್ನನ್ನು ಸ್ಥಾವರವೆಂದೂ ಕರೆದುಬಿಡುವ ಆಸೆ ಯಾರಿಗಾದರೂ ಆಗುತ್ತದೆ, ಆದರೆ ಅದು ಪದದೊಡನೆ ಆಡುವ ಆಟವಾದೀತು. ಹಳಿ ತಪ್ಪದೆ ಹೋಗಿ ಬರುವುದು ಚಲನೆಯಾದರೂ ಅರಿವಿನ ಚಲನೆಯಲ್ಲ. ನಿಲ್ದಾಣದ ಎದುರಿನ ಕಟ್ಟೆಯ ಮೇಲೆ ಕಪ್ಪು ಬಣ್ಣ ಬಳಿದು, ಪಟ್ಟಿಗಳಿಗೆ ಕೆಂಪು ಹಚ್ಚಿ, ಸುತ್ತ ಸರಪಳಿ ಕಟ್ಟಿ ನಿಲ್ಲಿಸಿದ ಹಳೆಯ ಇಂಜಿನುಗಳು ನಿಜವಾದ ಸ್ಥಾವರಗಳು. ಅವುಗಳ ಮೈಮೇಲೆ ಅಳಿವಿನ ಒಂದು ಗೀರೂ ಇಲ್ಲದಿರುವುದರಿಂದ ಅವು ಏನನ್ನೂ ಕಲಿಸುವುದಿಲ್ಲ. ಕೃಷ್ಣೆಗೆ ಅಣೆಕಟ್ಟಾಗಿ ಇದೇ ಸಂಗಮದಲ್ಲಿ ಹಿನ್ನೀರು ಏರಿದಾಗ ಬಸವಣ್ಣನ ಐಕ್ಯಮಂಟಪವನ್ನು ಸುತ್ತಲೂ ಬಾವಿಯಂಥ ಗೋಡೆ ಎತ್ತರಿಸಿ ನೀರಿನ ನಡುವೆ ಉಳಿಸಿಕೊಳ್ಳಲಾಯಿತು. ಸ್ಥಾವರದ ಅಳಿವನ್ನು ಸಾರಿದವನ ಸ್ಥಾವರವನ್ನು ಅಳಿಯಗೊಡದ ಈ ಗೋಡೆಯನ್ನು ವಿಡಂಬನೆಯೆಂದು ನಗುವುದು ಸುಲಭ. ಮೆಟ್ಟಿಲಿಳಿದು ಆ ತಂಪಿನ ತಳಕ್ಕೆ ಹೋದವರು, ತಲೆಯ ಮೇಲಿನ ಮಟ್ಟದಲ್ಲಿ ಹೊಳೆ ಒತ್ತಿ ನಿಂತಿರುವುದನ್ನು ನೆನೆದವರು, ಅಷ್ಟು ಬೇಗ ನಗಲಾರರು.

ಶಾಸ್ತ್ರವು ಹೀನಾಂಗವೆಂದು ದೂರವಿಟ್ಟದ್ದನ್ನು ಈ ಸೀಮೆಯ ಮಕ್ಕಳು ಹಬ್ಬವಾಗಿ ಆಡುತ್ತಾರೆಂಬುದನ್ನು ಪಂಡಿತರು ಅಷ್ಟಾಗಿ ಗಮನಿಸಿದಂತಿಲ್ಲ. ಕಾರಹುಣ್ಣಿಮೆಯ ನಂತರದ ಅಮಾವಾಸ್ಯೆಗೆ ಮಣ್ಣೆತ್ತಿನ ಅಮಾವಾಸ್ಯೆ ಎಂದು ಹೆಸರು. ಮುಂಗಾರಿನ ಬಿತ್ತನೆಯ ಆ ದಿನಗಳಲ್ಲಿ ಹೊಲದ ಎರೆಮಣ್ಣಿನಿಂದ ಜೋಡಿ ಎತ್ತುಗಳನ್ನು ಮಾಡಿ, ಕೊಂಬಿಗೆ ಬಣ್ಣ ಹಚ್ಚಿ, ಕಣ್ಣಿಗೆ ಜೋಳದ ಕಾಳು ಒತ್ತಿ, ಜಗುಲಿಯ ಮೇಲಿಟ್ಟು ಪೂಜಿಸುತ್ತಾರೆ. ಇದು ದುಡಿಯುವ ಎತ್ತಿನ ಮಾದರಿಯೇ. ಅಳತೆಯ ಹಂಗಿಲ್ಲದಿದ್ದರೂ ಇಣಿಯನ್ನು ತುಸು ಹೆಚ್ಚೇ ಎತ್ತರಿಸುವ ಕೈಗೆ ತಾನು ಏನು ಮಾಡುತ್ತಿದ್ದೇನೆಂಬ ಅರಿವು ಚೆನ್ನಾಗಿಯೇ ಇರುತ್ತದೆ. ಮರುದಿನ ಹಲವು ಊರುಗಳಲ್ಲಿ ಮಕ್ಕಳು ಅವುಗಳಲ್ಲಿ ಒಂದರ ಕಾಲು ಮುರಿದು, ಅದಕ್ಕೆ ಕುಂಟೆತ್ತು ಎಂದು ಹೆಸರಿಟ್ಟು, ಹಲಗೆಯ ಮೇಲಿಟ್ಟುಕೊಂಡು ಮನೆಮನೆಗೂ ಹೋಗಿ ಜೋಳ ಬೇಡುತ್ತಾರೆ. ಇಡಿಯಾದ ಎತ್ತಿಗೆ ಜಗುಲಿ, ಮುರಿದ ಎತ್ತಿಗೆ ಊರು. ಅದು ಹೀನಾಂಗವಾದ ಮೇಲೆಯೇ ಹೊಸ್ತಿಲು ದಾಟಿ ಹೊರಡುತ್ತದೆ, ಯಾವ ಮನೆಯೂ ಅದನ್ನು ಅಪಶಕುನವೆಂದು ಹಿಂದಕ್ಕೆ ಕಳಿಸುವುದಿಲ್ಲ, ಮೊರದಲ್ಲಿ ಕಾಳು ತಂದು ಸುರಿಯುತ್ತದೆ. ಕೂಡಿಬಿದ್ದ ಜೋಳವನ್ನು ಹಂಚಿಕೊಂಡೋ ಅಡಿಗೆ ಮಾಡಿಕೊಂಡೋ ಉಂಡ ಮೇಲೆ ಎತ್ತು ಹಳ್ಳದ ನೀರಿಗೆ ಹೋಗುತ್ತದೆ, ಮಣ್ಣು ಮಣ್ಣನ್ನು ಸೇರುತ್ತದೆ.

ಆಗಮದ ಬಾಲಾಲಯಕ್ಕೂ ಮಕ್ಕಳ ಕುಂಟೆತ್ತಿಗೂ ಬಿಚ್ಚಿಕೊಂಡು ಹೋಗುವ ದಿನ ಗೊತ್ತಾಗಿದೆ. ಗುಜರಿ ಮಾದರಿಗೆ ಅಂಥ ತಿಥಿಯನ್ನು ಯಾರೂ ಇಟ್ಟಿಲ್ಲ. ಗಾಜಿನ ಪೆಟ್ಟಿಗೆ ಮುಚ್ಚಿಟ್ಟರೂ ಎರೆನೆಲದ ಬೇಸಗೆಯ ಧೂಳು ಸಂದಿಯಲ್ಲಿ ನುಸುಳಿ ಬಂದು ಕೂರುತ್ತದೆ, ಆ ಧೂಳಿನ ಕಣವಾದರೋ 87ರ ಲೆಕ್ಕಕ್ಕೆ ಇಳಿಯದ ಪೂರ್ತಿ ಗಾತ್ರದ ಕಣ. ಮಾದರಿಕಾರನು ಮೃದುವಾದ ಕುಂಚದಿಂದ ಅದನ್ನು ಸವರಿ ತೆಗೆಯುವಾಗ, ಕಪ್ಪು ಬಣ್ಣದ ಮೇಲೆ ಬರೀ ಪುಡಿಯಾಗಿ ಕೂತಿದ್ದ ಕಿತ್ತಳೆ ತುಕ್ಕಿನ ಸ್ವಲ್ಪಾಂಶವೂ ಪ್ರತಿ ಸಲ ಧೂಳಿನೊಡನೆ ಎದ್ದುಹೋಗುತ್ತದೆ. ವರ್ಷಗಳು ಕಳೆದಂತೆ ಹೊಗೆಪೆಟ್ಟಿಗೆಯ ಕೆಂಪು ತೆಳುವಾಗಿ, ಅಂಚುಗಳಲ್ಲಿ ಅಡಿಯ ಕಪ್ಪು ಇಣುಕತೊಡಗಿ, ಗುಜರಿಯ ಇಂಜಿನ್ ತುಸುತುಸುವೇ ಹೊಸದಾಗುತ್ತ ಬರುತ್ತದೆ.